ಹೆಲ್ಮೆಟ್ಟಿನಲ್ಲಿ ಪೇರಲ ಹಣ್ಣು

ಹುಬ್ಬಳ್ಳಿ
14 ಏಪ್ರಿಲ್ 2024

ಪ್ರೀತಿಯ ವಿದ್ಯಾ,

ಹುಬ್ಬಳ್ಳಿಯಿಂದ ನಿನ್ನ ಸಪ್ತಾಪುರಕ್ಕೆ ಇಪ್ಪತ್ತು ಕಿಲೋಮೀಟರ್. ಇಷ್ಟು ದೂರಕ್ಕೆ ಅಂಚೆಯಲ್ಲಿ ಕಾಗದ ಹಾಕುವವಳು ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ನಗಬೇಡ. ಫೋನಿನಲ್ಲಿ ಆಡಿದ ಮಾತು ನನ್ನ ತಲೆಯಲ್ಲಿ ನಿಲ್ಲುತ್ತಿಲ್ಲ. ಬೆಳಿಗ್ಗೆ ಆಡಿದ್ದು ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಮಾಯ. ವಾರಕ್ಕೆರಡು ಸಲ ನನಗೆ ಅಭ್ಯಾಸ ಮಾಡಿಸಲು ಬರುವ ಥೆರಪಿಸ್ಟ್ ಭಾಗ್ಯಶ್ರೀ ಹೇಳಿದರು: “ಬರೀರಿ ಅಕ್ಕಾರ. ಬರದದ್ದು ಎಲ್ಲೂ ಓಡಿ ಹೋಗೂದಿಲ್ಲ. ಮರತ್ರ ಮತ್ತ ಓದಬಹುದು.” ಆದ್ದರಿಂದ ಕಾಗದ.

ಜನವರಿ ಇಪ್ಪತ್ತೊಂದರ ಭಾನುವಾರ ನನಗೆ ನೆನಪಿಲ್ಲ. ಸ್ವಲ್ಪ ಅಲ್ಲ, ಪೂರ್ತಿ ಇಲ್ಲ. ಎಲ್ಲರೂ ಹೇಳಿದ್ದನ್ನು ಕೂಡಿಸಿ ನಾನು ತಿಳಿದುಕೊಂಡದ್ದು ಇಷ್ಟು. ನಿನ್ನ ಸ್ಕೂಟಿಯಲ್ಲಿ ನಿಮ್ಮ ಮನೆಗೆ ಹೊರಟಿದ್ದೆವು. ನೀನು ಮುಂದೆ, ನಾನು ಹಿಂದೆ, ಇಬ್ಬರ ತಲೆಗೂ ಹೆಲ್ಮೆಟ್ಟು. ನವಲೂರಿನಲ್ಲಿ ಪೇರಲ ಹಣ್ಣು ಕೊಂಡೆವು. ಮಾರುವವಳ ಹತ್ತಿರ ಚೀಲ ಇರಲಿಲ್ಲ, ನಮ್ಮ ಹತ್ತಿರವೂ ಇರಲಿಲ್ಲ. ನಾನು ನನ್ನ ಹೆಲ್ಮೆಟ್ಟು ತೆಗೆದು, ಅದರ ತುಂಬ ಹಣ್ಣು ಹಾಕಿ, ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಒಂದು ಫರ್ಲಾಂಗ್ ಹೋಗಿಲ್ಲ, ನಾಯಿ ಅಡ್ಡ ಬಂತು. ನಿನ್ನ ಮೊಣಕೈ ತರಚಿತು. ನನ್ನ ತಲೆ ರಸ್ತೆ ನಡುವಿನ ಕಟ್ಟೆಗೆ ಬಡಿಯಿತು. ಪೇರಲ ಹಣ್ಣಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲವಂತೆ!

ನೋಡಲು ಬಂದವರೆಲ್ಲ ಇದನ್ನೇ ಹೇಳಿ ಹಣೆ ಚಚ್ಚಿಕೊಳ್ಳುತ್ತಾರೆ. “ಇಂಥಾ ಹುಚ್ಚ ಕೆಲಸ ಗೌರಕ್ಕನ ಮಾಡಬೇಕು ನೋಡ.” ಸರಿಯೇ. ತಲೆ ಗಟ್ಟಿ ಇದೆ ಎಂದು ಕಲ್ಲಿಗೆ ಹಾಯಬಾರದು ಎಂದು ಅಪ್ಪ ನನಗೇ ಹೇಳುತ್ತಿದ್ದರು.

ತಲೆಬುರುಡೆಯ ಒಳಗೆ ರಕ್ತ ಕಟ್ಟಿತ್ತು, ಕೊರೆದು ತೆಗೆದರು. ಹನ್ನೊಂದು ದಿನ ನನಗೆ ಎಚ್ಚರವಿರಲಿಲ್ಲ. ಎಚ್ಚರಾದ ಮೇಲೆ ವಾರ್ಡಿಗೆ ಹಾಕಿದರು. ನನಗಾದದ್ದು ಲೋಕದಲ್ಲಿ ಯಾರಿಗೂ ಆಗಿಲ್ಲ ಎಂದುಕೊಂಡಿದ್ದೆ. ನೋಡಿದರೆ ಹದಿನಾಲ್ಕು ಹಾಸಿಗೆ, ಹದಿನಾಲ್ಕೂ ತಲೆಪೆಟ್ಟು. ಒಬ್ಬ ಹುಣಸೆ ಮರದಿಂದ ಬಿದ್ದವನು, ಒಬ್ಬಳ ಸೆರಗು ಬೈಕಿನ ಗಾಲಿಗೆ ಸಿಕ್ಕದ್ದು, ಒಬ್ಬರು ಬಚ್ಚಲಲ್ಲಿ ಜಾರಿದ ಅಜ್ಜ. ಉಳಿದವರೆಲ್ಲ ಗಾಡಿಯಿಂದ ಬಿದ್ದವರು. ಒಬ್ಬರು ಮನೆಗೆ ಹೋದರೆ ಸಂಜೆಯೊಳಗೆ ಆ ಹಾಸಿಗೆಗೆ ಇನ್ನೊಬ್ಬರು ಬರುತ್ತಿದ್ದರು.

ಈಗ ಹೊರಗಿನಿಂದ ನೋಡಿದರೆ ನಾನು ಛಲೋ ಇದ್ದೇನೆ. ಕೂದಲೂ ಬೆಳೆಯುತ್ತಿದೆ. ಆದರೆ ಮಿಕ್ಸರ್ ಸದ್ದಿಗೆ ಮೈಯೆಲ್ಲ ಉರಿಯುತ್ತದೆ. ಒಂದು ತಾಸು ಕುಳಿತರೆ ದಿನವಿಡೀ ಹೊಲದಲ್ಲಿ ದುಡಿದಷ್ಟು ದಣಿವು. ಸಿಟ್ಟಂತೂ ಮೂಗಿನ ತುದಿಯಲ್ಲಿ. ಮೊದಲೂ ಅಲ್ಲೇ ಇತ್ತು ಎನ್ನಬೇಡ.

ನನಗೆ ಬೇಕಾದದ್ದು ಒಂದೇ. ದೀಪಾವಳಿ ಪಾಡ್ಯಕ್ಕೆ ಹೊಸ ಹತ್ತಿಯ ಮೊದಲ ಸವಾಲು, ಅಂದರೆ ಹರಾಜು, ನಡೆಯುವಾಗ ನಾನು ಅಮರಗೋಳದ ಮಾರುಕಟ್ಟೆಯಲ್ಲಿ, ರೈತರ ಮಾಲು ಮಾರಿಸಿಕೊಡುವ ನಮ್ಮ ಅಡತಿ ಅಂಗಡಿಯ ಗಾದಿಯ ಮೇಲೆ ಇರಬೇಕು. ಹತ್ತಿಯ ಎಳೆಯನ್ನು ಹೆಬ್ಬೆರಳಿನಲ್ಲಿ ಹಿಡಿದು ಜಗ್ಗಿ, ಇದು ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಹೇಳಲು ಅಪ್ಪ ಶಾಂತಯ್ಯನವರು ಕಲಿಸಿದ್ದು ನನಗೆ, ತಮ್ಮ ಗುರುಪಾದನಿಗಲ್ಲ. ಇಪ್ಪತ್ತೆರಡು ವರ್ಷ ಆ ಗಂಡಸರ ನಡುವೆ ಕುಳಿತಿದ್ದೇನೆ. ಗುರುಪಾದ ಹೇಳುತ್ತಾನೆ: “ಅಕ್ಕಾ, ನೀ ಆರಾಮ ಮಾಡ. ಅಂಗಡಿ ಚಿಂತಿ ಬ್ಯಾಡ, ನಾ ಅದೇನಿ.” ಪ್ರೀತಿಯಿಂದಲೇ ಹೇಳುತ್ತಾನೆ, ಅದೇ ಕಷ್ಟ.

ಮೂರು ತಿಂಗಳಾಯಿತು, ನೀನು ಯಾಕೆ ಬಂದಿಲ್ಲ? ಅಥವಾ ಬಂದದ್ದನ್ನೇ ನಾನು ಮರೆತೆನೋ? ಗುರುಪಾದನನ್ನು ಕೇಳಿದೆ. ಇಲ್ಲ, ಬಂದಿಲ್ಲವಂತೆ.

ನಿನ್ನ
ಗೌರಕ್ಕ

ತಾ.ಕ.: ಬರೆದು ಮುಗಿಸುವಷ್ಟರಲ್ಲಿ ಮೇಲೆ ಏನು ಬರೆದೆನೆಂಬುದು ಮರೆತು ಮೂರು ಸಲ ಮೊದಲಿನಿಂದ ಓದಿದ್ದೇನೆ. ಹೇಳಿದ್ದನ್ನೇ ಹೇಳಿದ್ದರೆ ಹೊಟ್ಟೆಗೆ ಹಾಕಿಕೋ.

*

ಸಪ್ತಾಪುರ, ಧಾರವಾಡ
2 ಮೇ 2024

ಪ್ರಿಯ ಗೌರಾ,

ನಿನ್ನ ಕಾಗದ ಬಂತು. ನಿನ್ನ ಅಕ್ಷರ ನೋಡಿ ಸಮಾಧಾನವಾಯಿತು, ಮೊದಲಿನ ಹಾಗೆಯೇ ಸಾಲು ಮೇಲಕ್ಕೇರುತ್ತಿದೆ. ಪರೀಕ್ಷೆಯ ಕೆಲಸ, ಆಮೇಲೆ ಪೇಪರು ತಿದ್ದುವುದು, ಬರಲು ಆಗಲಿಲ್ಲ. ತಪ್ಪು ತಿಳಿಯಬೇಡ.

ಆ ಹದಿನಾಲ್ಕು ಹಾಸಿಗೆಯ ಮಾತು ನನ್ನ ತಲೆಯಲ್ಲೇ ಉಳಿಯಿತು. ಮೊನ್ನೆ ಕೊನೆಯ ತರಗತಿಯಲ್ಲಿ ಅರ್ಥಶಾಸ್ತ್ರ ಬದಿಗಿಟ್ಟು ಹುಡುಗರನ್ನು ಕೇಳಿದೆ, ನಿಮ್ಮ ಮನೆಯಲ್ಲಿ, ಹತ್ತಿರದ ನೆಂಟರಲ್ಲಿ, ಯಾರಿಗಾದರೂ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಸೇರಿಸಿದ್ದಿದೆಯೇ ಎಂದು. ಐವತ್ತೆಂಟು ಹುಡುಗರಲ್ಲಿ ಹತ್ತೊಂಬತ್ತು ಕೈ ಎದ್ದವು. ಎದ್ದ ಕೈಗಳನ್ನು ನೋಡಿ ಹುಡುಗರೇ ಬೆರಗಾದರು. ಲಕ್ಷ್ಮೀ ಎಂಬ ಹುಡುಗಿ ಎದ್ದು ಹೇಳಿದಳು: “ಮೇಡಂ, ನಮ್ಮಪ್ಪಗ ಏನೂ ಆಗಿಲ್ಲ ಅಂತಾರ ಎಲ್ಲಾರೂ. ನಡೀತಾರ, ಉಣತಾರ. ಆದ್ರ ಅವ್ರು ಮೊದಲಿನ ಅಪ್ಪ ಅಲ್ರಿ.” ಆಮೇಲೆ ಪಾಠ ಮಾಡಲು ನನ್ನಿಂದ ಆಗಲಿಲ್ಲ.

ನಿನಗೆ ಸಿಟ್ಟು ಬಂದರೆ ಬರಲಿ, ಅದು ಪೆಟ್ಟಿನ ಸಿಟ್ಟು. ಔಷಧ ತಪ್ಪಿಸಬೇಡ.

ನಿನ್ನ
ವಿದ್ಯಾ

*

ಹುಬ್ಬಳ್ಳಿ
9 ಜೂನ್ 2024

ವಿದ್ಯಾ,

ನಿನ್ನ ಕಾಗದ ಕಾಲೇಜಿನ ನೋಟೀಸಿನಂತಿತ್ತು. ಔಷಧ ತಪ್ಪಿಸಬೇಡವಂತೆ! ಪೇಪರು ತಿದ್ದಿ ಮುಗಿದಿರಬೇಕಲ್ಲ? ಇನ್ನೂ ಬಂದಿಲ್ಲ.

ಈ ವಾರ ಏನಾಯಿತೆಂದು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ? ಗುರುಪಾದನ ಬೆನ್ನು ಹತ್ತಿ ಅಂಗಡಿಗೆ ಹೋದೆ. ಸೀಸನ್ ಮುಗಿದಿದ್ದರೂ ಮೂವರು ರೈತರ ಹತ್ತಿ ಗೋದಾಮಿನಲ್ಲಿ ಉಳಿದಿತ್ತು. ಮೂರು ಅಂಡಿಗೆ, ಅಂದರೆ ಮೂರು ದೊಡ್ಡ ಚೀಲ. ನಾನು ನೋಡುತ್ತೇನೆ ಎಂದೆ. ಅಂಡಿಗೆಗೆ ಕೈ ಹಾಕಿದ ಕೂಡಲೇ ವಿದ್ಯಾ, ಬೆರಳುಗಳಿಗೆ ಜೀವ ಬಂತು. ಎಳೆ ಬಾಚಿ, ಜಗ್ಗಿ, ಮುರಿಯುವ ಸದ್ದು ಕೇಳಿದೆ. ಮೂರನ್ನೂ ನೋಡಿದೆ. ಕೈ ಏನನ್ನೂ ಮರೆತಿಲ್ಲ ಎಂದು ಕುಣಿಯುವಂತಾಯಿತು.

ಆಗ ಗುರುಪಾದ ಕೇಳಿದ: “ಅಕ್ಕಾ, ಮೊದಲನೇದು ಹೆಂಗಿತ್ತ?”

ಮೊದಲನೆಯದು! ಯಾವುದು ಮೊದಲನೆಯದು? ಮೂರನೆಯದನ್ನು ಮೊದಲನೆಯದು ಎಂದೆ, ಮೊದಲನೆಯದನ್ನು ನೋಡಿಯೇ ಇಲ್ಲ ಎಂದೆ. ಅಂಗಡಿಗೆ ಹೊಸದಾಗಿ ಬಂದಿರುವ ಸಂಕೇತ, ತರಬೇತಿ ಮುಗಿಸಿದ ಹುಡುಗ, ಅಳತೆಯ ಮಷೀನು ತಂದಿದ್ದಾನೆ, ಅವನು ನೆಲ ನೋಡಿದ. ಎದುರಿನ ಅಂಗಡಿಯ ಬಾಳಕೃಷ್ಣ ಕಾಕಾ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಗುರುಪಾದ ಮೆತ್ತಗೆ ಹೇಳಿದ: “ಸಾಕಕ್ಕಾ, ಮನಿಗೆ ನಡಿ.”

ನಾನು ನೀರಿನ ತಂಬಿಗೆ ಎತ್ತಿ ಒಗೆದೆ. ಅವನ ಭುಜಕ್ಕೆ ಬಿತ್ತು. ನಾನೇ ಎತ್ತಿ ಆಡಿಸಿದ ತಮ್ಮ, ವಿದ್ಯಾ. ಅವನು ಅಂಗಿ ಒರೆಸಿಕೊಂಡ.

ಪಾಡ್ಯಕ್ಕೆ ಗಾದಿಯ ಮೇಲೆ ಸಂಕೇತ ಕೂಡುತ್ತಾನಂತೆ. ಅದನ್ನು ಯಾರೂ ನನಗೆ ಹೇಳಲಿಲ್ಲ, ಬಾಗಿಲಾಚೆ ಕೇಳಿದೆ. ಮರೆಯಬಾರದೆಂದು ಅಂಗೈ ಮೇಲೆ ಬರೆದುಕೊಂಡಿದ್ದೇನೆ.

ಗೌರಕ್ಕ

*

ಸಪ್ತಾಪುರ
20 ಜೂನ್ 2024

ಗೌರಾ,

ಈ ಪಾರ್ಸೆಲ್ಲಿನಲ್ಲಿ ಒಂದು ಕರಿ ಬಟ್ಟೆ ಇದೆ. ನಮ್ಮವ್ವ ಸತ್ಯವ್ವನ ಹಳೆಯ ಚಂದ್ರಕಾಳಿ ಸೀರೆ ನಿನಗೆ ನೆನಪಿರಬೇಕು, ಅದನ್ನೇ ಕತ್ತರಿಸಿದೆ. ಅದರ ಮೇಲೆ ಬಿಳಿ ದಾರದಲ್ಲಿ ಒಂದರಿಂದ ಹನ್ನೆರಡರ ತನಕ ಅಂಕಿ ಹೊಲಿದಿದ್ದೇನೆ. ನನ್ನ ಹೊಲಿಗೆ ನಿನಗೆ ಗೊತ್ತೇ ಇದೆ, ಎಂಟು ಅಂಬೆಗಾಲಿಟ್ಟ ಕೂಸಿನಂತಾಗಿದೆ.

ನಿಮ್ಮಪ್ಪ ತೊಡೆಯ ಮೇಲೆ ಕರಿ ಬಟ್ಟೆ ಹಾಸಿ ಹತ್ತಿಯ ಎಳೆ ಇಟ್ಟು ನೋಡುತ್ತಿದ್ದರಲ್ಲ? ಒಂದೊಂದು ಅಂಡಿಗೆ ನೋಡಿದ ಕೂಡಲೇ ಅದರ ಎಳೆಯನ್ನು ಅದರ ಅಂಕಿಯ ಕೆಳಗೆ ಪಿನ್ನಿನಿಂದ ಚುಚ್ಚಿಬಿಡು. ತಲೆಯಲ್ಲಿ ಇಡಲು ಹೋಗಬೇಡ. ಕೇಳಿದಾಗ ಬಟ್ಟೆ ನೋಡು, ಮುಟ್ಟು, ಹೇಳು. ನಾನು ತರಗತಿಗೆ ಟಿಪ್ಪಣಿ ಇಲ್ಲದೆ ಹೋಗುವುದಿಲ್ಲ, ನನ್ನನ್ನು ಯಾರೂ ದಡ್ಡಿ ಎಂದಿಲ್ಲ.

ನಿನಗೆ ಇನ್ನೊಂದು ಮಾತು ಹೇಳುವುದಿದೆ. ಇವತ್ತು ಆಗುವುದಿಲ್ಲ.

ವಿದ್ಯಾ

*

ಹುಬ್ಬಳ್ಳಿ
11 ಆಗಸ್ಟ್ 2024

ಪ್ರೀತಿಯ ವಿದ್ಯಾ,

ನಿನ್ನ ಎಂಟನ್ನು ನೋಡಿ ಭಾಗ್ಯಶ್ರೀ ಅವರೂ ನಕ್ಕರು. ಆದರೆ ಬಟ್ಟೆಯನ್ನು ನೋಡಿ ಹೇಳಿದರು: “ಇದನ್ನ ಯಾರು ಮಾಡ್ಯಾರ್ರಿ? ನಮ್ಮ ಪುಸ್ತಕದಾಗ ಇದ್ದದ್ದ ಇದು, ನಮಗ ಹೊಳೀಲಿಲ್ಲ.”

ಏಳು ವಾರದಿಂದ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಅಭ್ಯಾಸ. ಗುರುಪಾದನಿಗೆ ಗೊತ್ತಿಲ್ಲ. ಸಂಕೇತನೇ ಕದ್ದುಮುಚ್ಚಿ ಮಾದರಿ ಹತ್ತಿ ತಂದುಕೊಡುತ್ತಾನೆ, ಒಳ್ಳೆಯ ಹುಡುಗ, ಅವನನ್ನು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಮೊದಲ ವಾರ ಮೂರು ಸರಿಹೋದವು, ಎರಡನೆಯ ವಾರ ಐದು. ಮೂರನೆಯ ವಾರ ಪಿನ್ನು ಚುಚ್ಚುವುದನ್ನೇ ಮರೆತೆ, ಬಟ್ಟೆ ಬಿಸಾಡಿ ಅತ್ತೆ. ಈಗ ಒಂಬತ್ತು. ಒಂಬತ್ತಾದ ಮೇಲೆ ಕಣ್ಣು ಮಂಜಾಗುತ್ತದೆ, ಹೋಗಿ ಮಲಗುತ್ತೇನೆ.

ಭಾಗ್ಯಶ್ರೀ ಭಾನುವಾರ ನಮ್ಮಂಥವರನ್ನು ಒಂದೆಡೆ ಸೇರಿಸುತ್ತಾರೆ. ಮಾಲತೇಶ ಎಂಬ ಬಸ್ ಡ್ರೈವರ್ ಇದ್ದಾರೆ, ಮೂವತ್ತು ವರ್ಷ ಗಾಡಿ ಹೊಡೆದು ಒಂದು ಕೋಳಿಗೂ ತಾಗಿಸಿದವರಲ್ಲ, ಮನೆಯ ಮಾಳಿಗೆ ಮೆಟ್ಟಿಲಿನಿಂದ ಬಿದ್ದರು. ವಾಸನೆಯೇ ತಿಳಿಯುವುದಿಲ್ಲವಂತೆ. “ಹೇಣ್ತಿ ಒಗ್ಗರಣಿ ಹಾಕಿದ್ರ ಗೊತ್ತ ಆಗವಲ್ದ್ರಿ ಅಕ್ಕಾರ, ಸೀದ್ರೂ ಗೊತ್ತಾಗವಲ್ದು” ಎಂದು ಹೇಳಿ ಅವರೂ ನಕ್ಕರು, ನಾವೂ ನಕ್ಕೆವು. ಆ ಕೋಣೆಯಲ್ಲಿ ಯಾರೂ ಯಾರಿಗೂ ‘ನೋಡಾಕ ಛಲೋ ಅದೀರಲ್ಲ’ ಎನ್ನುವುದಿಲ್ಲ. ಅದೇ ದೊಡ್ಡ ಔಷಧ.

ಇನ್ನೊಂದು ಸುದ್ದಿ. ಮೊನ್ನೆ ಕಾರಿನಲ್ಲಿ ಧಾರವಾಡದ ಕಡೆ ಹೋಗುವಾಗ ನವಲೂರಿನಲ್ಲಿ ಇಳಿದೆ. ಆ ಪೇರಲ ಮಾರುವವಳ ಹೆಸರು ರೆಹಮತ್‌ಬಿ. ನನ್ನನ್ನು ನೋಡಿದ ಕೂಡಲೇ ಬುಟ್ಟಿ ಬಿಟ್ಟು ಓಡಿಬಂದು ನನ್ನ ತಲೆ ಮುಟ್ಟಿ ಮುಟ್ಟಿ ಅತ್ತಳು. “ಬದುಕೀರೇನವಾ! ಅವತ್ತಿಂದ ನಾ ಚೀಲ ಇಲ್ದವರಿಗೆ ಹಣ್ಣ ಕೊಡೂದ ಬಿಟ್ಟೇನಿ” ಎಂದಳು. ಆಮೇಲೆ ಅವತ್ತು ನಡೆದದ್ದನ್ನು ಹೇಳಿದಳು. ಮರೆಯಬಾರದೆಂದು ಅಲ್ಲೇ ಚೀಟಿಯಲ್ಲಿ ಬರೆದುಕೊಂಡೆ, ಅದರಲ್ಲಿ ಒಂದು ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏಳು ತಿಂಗಳಿಂದ ನೀನು ಹೆಗಲು ಮುಟ್ಟಿಕೊಳ್ಳುತ್ತಿದ್ದೀಯ. ನೀನು ಹೇಳುವುದಿದೆ ಎಂದ ಮಾತನ್ನು ಈಗ ಹೇಳು. ನಿನ್ನ ಬಾಯಿಂದಲೇ ಬರಲಿ.

ನಿನ್ನ
ಗೌರಕ್ಕ

*

ಸಪ್ತಾಪುರ
18 ಆಗಸ್ಟ್ 2024

ಗೌರಾ,

ಹೆಲ್ಮೆಟ್ಟು ತೆಗೆ ಎಂದವಳು ನಾನು.

ನೀನು ಬೇಡವೆಂದೆ. ಚೀಲವಿಲ್ಲದಿದ್ದರೆ ಹಣ್ಣೂ ಬೇಡ, ನಡೆ ಎಂದೆ. ನಮ್ಮವ್ವನಿಗೆ ನವಲೂರ ಪೇರಲ ಅಂದರೆ ಜೀವ ಎಂದು ನಾನೇ ಹಟ ಹಿಡಿದೆ. “ನಿನ್ನ ಹೆಲ್ಮೆಟ್ಟ ತಗೀ, ಅದರಾಗ ಹಾಕೂಣು. ಹತ್ತ ನಿಮಿಷದ ದಾರಿ ಐತಿ, ಏನಾಗೂದಿಲ್ಲ” ಎಂದು ನಿನ್ನ ಗದ್ದದ ಕೆಳಗಿನ ಪಟ್ಟಿಯನ್ನು ನನ್ನ ಕೈಯಾರೆ ಬಿಚ್ಚಿದೆ. ನನ್ನ ಹೆಲ್ಮೆಟ್ಟು ನನ್ನ ತಲೆಯ ಮೇಲೆಯೇ ಇತ್ತು.

ಆಸ್ಪತ್ರೆಯಲ್ಲಿ ಗುರುಪಾದ ಓಡಿಬಂದು ಕೇಳಿದ: “ಅಕ್ಕನ ಹೆಲ್ಮೆಟ್ಟ ಎಲ್ಲೈತಿ?” ಹಣ್ಣು ತುಂಬಲು ಅವಳೇ ತೆಗೆದಳು ಎಂದೆ. ಸುಳ್ಳು ಯೋಚಿಸಿ ಹೇಳಲಿಲ್ಲ, ಬಾಯಿಂದ ಜಾರಿತು. ಜಾರಿದ್ದನ್ನು ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ. ಆಮೇಲೆ ನಿನಗೆ ಆ ದಿನವೇ ನೆನಪಿಲ್ಲವೆಂದು ತಿಳಿಯಿತು. ಗೌರಾ, ನಾಚಿಕೆಯಿಂದ ಹೇಳುತ್ತೇನೆ, ಆ ಕ್ಷಣ ನನಗೆ ಸಮಾಧಾನವಾಯಿತು. ನಿನ್ನ ಎದುರು ಬಂದು ನಿಲ್ಲಲು ಆಗದ್ದು ಅದಕ್ಕೇ.

ಸ್ಕೂಟಿಯನ್ನು ಅವತ್ತಿಂದ ಮುಟ್ಟಿಲ್ಲ, ತಾಡಪತ್ರೆ ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದ್ದೇನೆ. ಗುರುಪಾದನಿಗೂ ಬೇರೆ ಕಾಗದ ಬರೆದು ಎಲ್ಲ ಹೇಳಿದ್ದೇನೆ. ಎಲ್ಲರೂ ನಿನ್ನನ್ನು ಹುಚ್ಚಿ ಎನ್ನುವುದನ್ನು ಕೇಳಿಯೂ ಸುಮ್ಮನಿದ್ದೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ.

ವಿದ್ಯಾ

*

ಹುಬ್ಬಳ್ಳಿ
29 ಸೆಪ್ಟೆಂಬರ್ 2024

ವಿದ್ಯಾ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಗುತ್ತ ಬಂತು. ಉತ್ತರ ಬರೆಯದಿದ್ದದ್ದು ಯಾಕೆಂದು ಹೇಳುತ್ತೇನೆ.

ರೆಹಮತ್‌ಬಿ ಹೇಳಿದ್ದು ಅದೇ. ಆದರೆ ಅವಳು ಹೇಳಿದಾಗ ಬಾರದ ಸಿಟ್ಟು ನಿನ್ನ ಅಕ್ಷರದಲ್ಲಿ ಓದಿದಾಗ ಬಂತು. ಕಾಗದವನ್ನು ದಿಂಬಿನ ಕೆಳಗೆ ತುರುಕಿ ಮಲಗಿದೆ. ಮರುದಿನ ಎದ್ದಾಗ ದಿಂಬಿನ ಕೆಳಗೆ ಕಾಗದ. ಇದೇನಿದು ಎಂದು ತೆರೆದು ಓದಿದೆ. ಮತ್ತೆ ಹೊಸ ಸಿಟ್ಟು, ಮೊದಲ ದಿನದಷ್ಟೇ ಬಿಸಿ. ಮೂರನೆಯ ದಿನವೂ ಹಾಗೆಯೇ. ಲೋಕದಲ್ಲಿ ಎಲ್ಲರಿಗೂ ಒಂದು ತಪ್ಪಿಗೆ ಒಂದು ಸಲ ಸಿಟ್ಟು ಬರುತ್ತದೆ, ನನ್ನ ತಲೆಯ ದೆಸೆಯಿಂದ ನನಗೆ ಮತ್ತೆ ಮತ್ತೆ ಬಂತು. ಓದಿದಾಗಲೆಲ್ಲ ಲಕೋಟೆಯ ಹಿಂದೆ ಒಂದು ಗೀಟು ಹಾಕಿದೆ. ಇಪ್ಪತ್ತಾರು ಗೀಟು ಇವೆ. ಇಪ್ಪತ್ತಾರು ಸಲ ನಿನ್ನನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಒಂದೆರಡು ಬೈಗುಳ ಅಮರಗೋಳದ ಹಮಾಲರಿಗೂ ಗೊತ್ತಿರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಎದ್ದೆ. ದಿಂಬು ಎತ್ತಿದೆ, ಕಾಗದ ಕಂಡಿತು. ಅದನ್ನು ತೆರೆಯುವ ಮೊದಲೇ ಒಳಗೆ ಏನಿದೆ ಎಂದು ನನಗೆ ನೆನಪಿತ್ತು. ಒಂದೊಂದು ಸಾಲೂ ನೆನಪಿತ್ತು, ಆ ಪಟ್ಟಿ ಬಿಚ್ಚಿದ ಸಾಲು ಕೂಡ. ಹಾಸಿಗೆಯ ಮೇಲೆ ಕುಳಿತು ಗಟ್ಟಿಯಾಗಿ ಕೂಗಿದೆ. ಏನೋ ಆಯಿತೆಂದು ಗುರುಪಾದ ಓಡಿಬಂದ. “ನೆನಪ ಐತೋ ಗುರು! ನಿನ್ನೆದ್ದು ನೆನಪ ಐತಿ!” ಎಂದೆ. ಅವನು ಬಾಗಿಲಲ್ಲೇ ಕುಳಿತು ಅತ್ತುಬಿಟ್ಟ.

ಸಿಟ್ಟು ಬರಲಿ ಎಂದು ಕಾದೆ. ಹಳೆಯದಾಗಿತ್ತು, ಬರಲಿಲ್ಲ.

ಗೌರಕ್ಕ

*

ಹುಬ್ಬಳ್ಳಿ
3 ನವೆಂಬರ್ 2024

ಪ್ರೀತಿಯ ವಿದ್ಯಾ,

ಗೆದ್ದೆ!

ಮೊದಲು ಅದನ್ನು ಬರೆದು ಆಮೇಲೆ ಉಳಿದದ್ದು. ನಿನ್ನೆ ಪಾಡ್ಯ. ಹಿಂದಿನ ದಿನ ಗುರುಪಾದನ ಎದುರು ಕರಿ ಬಟ್ಟೆ ಹಾಸಿ, “ನಾಳೆ ಹನ್ನೆರಡು ಅಂಡಿಗಿ ನೋಡ್ತೀನಿ. ಒಂದ ತಪ್ಪಿದ್ರ ನಾನ ಎದ್ದ ಬರ್ತೀನಿ, ನೀ ಹೇಳೂದ ಬ್ಯಾಡ” ಎಂದಿದ್ದೆ. ಅವನು ಬಟ್ಟೆಯ ಅಂಕಿಗಳ ಮೇಲೆ ಬೆರಳಾಡಿಸಿ, “ತಪ್ಪಿದ್ರ ಕೈ ಹಿಡಕೊಂಡ ಕರಕೊಂಡ ಬರ್ತೀನಿ, ತಂಬಗಿ ಮಾತ್ರ ಒಗೀಬ್ಯಾಡ” ಎಂದ.

ಮಾರುಕಟ್ಟೆಯ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡೆ. ಹತ್ತಿಗೇನು ಬರ! ಅಪ್ಪ ಹೇಳಿಕೊಟ್ಟಂತೆ ಅಂಡಿಗೆಯ ಬಾಯಿಯಿಂದ ತೆಗೆಯದೆ ಮೊಣಕೈ ತನಕ ಕೈ ಇಳಿಸಿ ಹೊಟ್ಟೆಯಿಂದ ತೆಗೆದೆ. ಬಾಚು, ಜಗ್ಗು, ಬಟ್ಟೆಗೆ ಚುಚ್ಚು, ಎದ್ದು ಮುಂದಿನದಕ್ಕೆ ಹೋಗು. ಸಂಕೇತ ಪಕ್ಕದಲ್ಲಿ ಮಷೀನಿನಲ್ಲಿ ಅಳೆಯುತ್ತ ಬಂದ. ಆರರ ತನಕ ಅವನದೂ ನನ್ನದೂ ಒಂದೇ.

ಏಳನೆಯದಕ್ಕೆ ಕೈ ಇಳಿಸಿದೆ. ಮೇಲಿನದು ರೇಷ್ಮೆಯಂಥ ಉದ್ದ ಎಳೆ. ಒಂದು ಮೊಳ ಕೆಳಗೆ ಬೆರಳಿಗೆ ಬೇರೆಯೇ ತಾಗಿತು, ಗಿಡ್ಡ, ಒರಟು, ಹೋದ ವರ್ಷದ ಮಾಲು. ಸಂಕೇತನ ಮಷೀನು ಅದನ್ನು ಒಂದನೇ ದರ್ಜೆ ಎಂದು ತೋರಿಸಿತ್ತು, ಅದಕ್ಕೆ ಕೊಟ್ಟದ್ದು ಮೇಲಿನ ಹತ್ತಿ ತಾನೆ. “ಇದು ಎರಡ ನಮೂನಿ ಹತ್ತಿ, ಸುರುವ್ರಿ” ಎಂದೆ. ತಂದ ವ್ಯಾಪಾರಿ ಕೆರಳಿದ: “ತಲೀ ಪೆಟ್ಟ ತಿಂದವರ ಮಾತ ಕೇಳ್ತೀರೇನ?” ಗುರುಪಾದ ಎದ್ದು ನಿಂತ. ನನ್ನ ತಮ್ಮ ಸಂತೆಯಲ್ಲಿ ದನಿ ಎತ್ತಿದ್ದನ್ನು ನಾನು ಮೊದಲ ಸಲ ಕೇಳಿದೆ. “ಸುರುವ್ರಿ ಅಂದ್ರ ಸುರುವ್ರಿ! ನಮ್ಮಕ್ಕ ಹೇಳ್ಯಾಳ.”

ಸುರಿದರು. ಮೇಲೆ ಹೊಸದು, ಒಳಗೆಲ್ಲ ಹಳೆಯದು. ವ್ಯಾಪಾರಿ ಟೋಪಿ ಸರಿಮಾಡಿಕೊಳ್ಳುತ್ತ ಎತ್ತಲೋ ಹೋದ.

ಹನ್ನೆರಡೂ ಮುಗಿದವು. ಆಗ ಬಾಳಕೃಷ್ಣ ಕಾಕಾ ಬೇಕೆಂದೇ ಕೇಳಿದರು, ಜೂನಿನಲ್ಲಿ ನನ್ನನ್ನು ಮುಳುಗಿಸಿದ ಅದೇ ಪ್ರಶ್ನೆ: “ಗೌರಕ್ಕಾ, ಮೊದಲನೇದು ಹೆಂಗಿತ್ತವಾ?” ಹಮಾಲರೂ ಹತ್ತಿರ ಬಂದರು. ನಾನು ನಿಮ್ಮವ್ವನ ಸೀರೆಯ ಆ ಕರಿ ಬಟ್ಟೆಯನ್ನು ಮಡಿಲಲ್ಲಿ ಹಾಸಿದೆ. ಒಂದರ ಕೆಳಗಿನ ಎಳೆ ಮುಟ್ಟಿದೆ, ಹೇಳಿದೆ. ಎರಡು ಹೇಳಿದೆ. ನಿನ್ನ ಅಂಬೆಗಾಲಿನ ಎಂಟನ್ನೂ ದಾಟಿ ಹನ್ನೆರಡರ ತನಕ ಹೇಳಿದೆ. ಬಟ್ಟೆ ನೋಡಿ ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಕಾಕಾ ಗಾದಿಯ ಒರಗುದಿಂಬನ್ನು ತಾವೇ ಕೊಡವಿ, “ಕೂಡವಾ, ನಿನ್ನ ಜಾಗಾ ತಣ್ಣಗಾಗಿತ್ತ” ಎಂದರು. ಹಮಾಲರು ಸಿಳ್ಳೆ ಹೊಡೆದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಪ್ಪನ ಫೋಟೋದ ಕಡೆ ನೋಡಲು ಧೈರ್ಯವಾಗಲಿಲ್ಲ, ಅತ್ತುಬಿಡುತ್ತಿದ್ದೆ.

ಆಮೇಲೆ ಹಿಂದಿನ ಕೋಣೆಯಲ್ಲಿ ನಾಲ್ಕು ತಾಸು ಹೆಣದಂತೆ ಮಲಗಿದೆ. ಇನ್ನು ಮೇಲೆ ದಿನಕ್ಕೆ ಎರಡು ತಾಸು ನನ್ನ ಪಾಳಿ, ಉಳಿದದ್ದು ಸಂಕೇತನದು. ಅಂಡಿಗೆಯ ಹೊಟ್ಟೆಗೆ ಕೈ ಹಾಕುವುದನ್ನು ಅವನಿಗೆ ಕಲಿಸುತ್ತೇನೆ. ನಾನು ಮೊದಲಿನ ಗೌರಕ್ಕ ಅಲ್ಲ, ಅದು ನನಗೆ ಗೊತ್ತಿದೆ. ನಿನ್ನ ವಿದ್ಯಾರ್ಥಿನಿ ಲಕ್ಷ್ಮಿಗೆ ಯಾವುದಾದರೂ ಒಂದು ಭಾನುವಾರ ಸಂಜೆ ಅವಳ ಅಪ್ಪನನ್ನು ನಮ್ಮ ಕೂಟಕ್ಕೆ ಕರೆದುಕೊಂಡು ಬರಲು ಹೇಳು. ಮೊದಲಿನವರಲ್ಲದವರು ಅಲ್ಲಿ ಬಹಳ ಜನ ಇದ್ದೇವೆ.

ಈಗ ನಿನ್ನ ಶಿಕ್ಷೆ. ಹಿತ್ತಲಿಗೆ ಹೋಗು. ತಾಡಪತ್ರೆ ತೆಗೆ, ಸ್ಕೂಟಿ ತೊಳೆ, ಗಾಲಿಗೆ ಗಾಳಿ ಹಾಕಿಸು. ಭಾನುವಾರ ಹತ್ತು ಗಂಟೆಗೆ ನಮ್ಮ ಬಾಗಿಲಿಗೆ ಬಾ. ಗಾಡಿ ನೀನೇ ಹೊಡೆಯಬೇಕು, ಹಿಂದೆ ನಾನು ಕೂಡುತ್ತೇನೆ. ಡಾಕ್ಟರನ್ನು ಕೇಳಿದ್ದೇನೆ, ಮೆಲ್ಲಗೆ ಹೋಗಿರಿ ಎಂದಿದ್ದಾರೆ. ನನ್ನ ಗದ್ದದ ಪಟ್ಟಿಯನ್ನು ನೀನೇ ಹಾಕು, ಬಿಚ್ಚಿದ ಕೈಯೇ ಹಾಕಲಿ. ನವಲೂರಿನಲ್ಲಿ ಹೊಸ ಪೇರಲ ಬಂದಿದೆ. ರೆಹಮತ್‌ಬಿ ಕಾಯುತ್ತಾಳೆ, ನಿಮ್ಮವ್ವನೂ ಕಾಯುತ್ತಿರಬೇಕು.

ನಿನ್ನ
ಗೌರಕ್ಕ

ತಾ.ಕ.: ಈ ಕಾಗದವನ್ನು ಒಂದು ಸಲವೂ ಹಿಂದಿರುಗಿ ಓದಿಲ್ಲ. ಏನೇನು ಬರೆದೆನೆಂದು ನೆನಪಿದೆ. ಬರೆಯದೆ ಉಳಿದದ್ದು ಒಂದೇ: ಬರುವಾಗ ಕೈಚೀಲ ತಾ.